ನಿಮಗಿದು ಗೊತ್ತೇ? ಸಣ್ಣ ಕಾರು, ಬೋಳು ಟಯರು, ಕರಾವಳಿಯ ಮಳೆ

ಸಣ್ಣ ಕಾರು ರಸ್ತೆಯನ್ನು ಮುಟ್ಟುವುದು ನಾಲ್ಕೇ ಕಡೆ, ಒಂದೊಂದು ಕಡೆಯೂ ಹೆಚ್ಚುಕಮ್ಮಿ ಅಂಗೈಯಷ್ಟು ಜಾಗ. ಮಣಿಪಾಲದ ಗುಡ್ಡದಿಂದ ಉಡುಪಿ ಪೇಟೆಗೆ ಇಳಿಯುವಾಗ ನೀವು ಒತ್ತುವ ಬ್ರೇಕ್, ತಿರುಗಿಸುವ ಸ್ಟಿಯರಿಂಗ್ ಎರಡೂ ಅಷ್ಟೇ ಜಾಗದ ರಬ್ಬರನ್ನು ನಂಬಿಕೊಂಡಿವೆ.

ಒಣ ರಸ್ತೆಯಲ್ಲಿ ಸವೆದ ಟಯರ್ ಕೆಲವೊಮ್ಮೆ ಹೊಸದಕ್ಕಿಂತ ಬಿಗಿಯಾಗಿ ಹಿಡಿಯುತ್ತದೆ! ರಬ್ಬರ್ ವಯಸ್ಸಾಗಿ ಗಟ್ಟಿಯಾಗಿರದಿದ್ದರೆ ಇದು ನಿಜ. ಟ್ರೆಡ್ ತಗ್ಗಿದಷ್ಟೂ ಅದರ ಅಲುಗಾಟ ಕಡಿಮೆ, ನೆಲಕ್ಕೆ ತಾಗುವ ರಬ್ಬರ್ ಹೆಚ್ಚು. ಫಾರ್ಮುಲಾ ಒನ್‌ಗೆ 1971ರಲ್ಲಿ ಪೂರ್ತಿ ನುಣುಪು ಟಯರ್ ಬಂದದ್ದು ಇದೇ ಕಾರಣಕ್ಕೆ. ಮಳೆ ಬಂದರೆ ಅವರೂ ಕಾಲುವೆ ಕೊರೆದ ಟಯರಿಗೆ ಬದಲಾಯಿಸುತ್ತಾರೆ. ನಮ್ಮಲ್ಲಿ ಅಪಾಯ ಹುಟ್ಟುವುದು ಇಲ್ಲೇ. ಡಿಸೆಂಬರ್‌ನಿಂದ ಮೇವರೆಗೆ ಬೋಳು ಟಯರ್ ಯಾವ ದೂರನ್ನೂ ಹೇಳುವುದಿಲ್ಲ. ‘ಇನ್ನೂ ಒಂದು ಮಳೆಗಾಲ ಓಡುತ್ತದೆ’ ಎಂಬ ಧೈರ್ಯ ಬಂದಿರುತ್ತದೆ. ಜೂನ್ ಮೊದಲ ವಾರ ಅದೇ ಟಯರ್, ಅದೇ ರಸ್ತೆ, ಆದರೆ ಕಾರು ಬೇರೆ.

ಹೊಸ ಟಯರಿನ ಕಾಲುವೆಯ ಆಳ ಸಾಮಾನ್ಯವಾಗಿ 7ರಿಂದ 8 ಮಿ.ಮೀ. ಕೇಂದ್ರ ಮೋಟಾರು ವಾಹನ ನಿಯಮಗಳ (1989) ಪ್ರಕಾರ ಕಾರಿಗೆ 1.6 ಮಿ.ಮೀ. ಆಳವಾದರೂ ಉಳಿದಿರಬೇಕು. ಜರ್ಮನಿಯ ವಾಹನ ಸವಾರರ ಸಂಘ ಎಡಿಎಸಿ ಬೇಸಿಗೆಯ ಟಯರನ್ನೂ 3 ಮಿ.ಮೀ.ಗೆ ಇಳಿದಾಗಲೇ ಬದಲಿಸಿ ಎನ್ನುತ್ತದೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಉಡುಪಿ ಜಿಲ್ಲೆಯವರು ಅದಕ್ಕಿಂತ ಸಡಿಲವಾಗಿರುವುದು ಸರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಾಲುವೆಯ ಕೆಲಸವೇ ನೀರು ಸಾಗಿಸುವುದು. ಒಂದು ಲೆಕ್ಕ ನೋಡಿ. ಟಯರ್ ನೆಲಕ್ಕೆ ತಾಗುವ ಅಗಲ 10 ಸೆಂ.ಮೀ., ಹೆದ್ದಾರಿಯ ಮೇಲೆ ನಿಂತ ನೀರು 3 ಮಿ.ಮೀ., ವೇಗ ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ 22 ಮೀಟರ್. ಮುಂದಿನ ಒಂದೊಂದು ಟಯರೂ ಪ್ರತಿ ಸೆಕೆಂಡಿಗೆ ಆರೂವರೆ ಲೀಟರಿನಷ್ಟು ನೀರನ್ನು ಬದಿಗೆ ತಳ್ಳಬೇಕು. ತಳ್ಳಲಾಗದಿದ್ದರೆ ನೀರು ಟಯರಿನಡಿಗೆ ನುಗ್ಗಿ ಅದನ್ನು ಮೇಲೆತ್ತುತ್ತದೆ. ಇದಕ್ಕೆ ಹೈಡ್ರೋಪ್ಲೇನಿಂಗ್ ಎನ್ನುತ್ತಾರೆ.

ಈ ತೇಲಾಟದ ವೇಗಕ್ಕೆ ಸೂತ್ರ ಕೊಟ್ಟದ್ದು ಅಮೆರಿಕದ ನಾಸಾ! 1960ರ ದಶಕದಲ್ಲಿ ಅದರ ಲ್ಯಾಂಗ್ಲಿ ಕೇಂದ್ರದಲ್ಲಿ ವಾಲ್ಟರ್ ಹಾರ್ನ್ ಮತ್ತು ಸಂಗಡಿಗರು ವಿಮಾನದ ಟಯರುಗಳನ್ನು ಪರೀಕ್ಷಿಸಿ ಕಂಡುಕೊಂಡದ್ದಿಷ್ಟು: ಕಾಲುವೆಗಿಂತ ನೀರು ಆಳವಾಗಿದ್ದರೆ, ಟಯರ್ ಯಾವ ವೇಗದಲ್ಲಿ ತೇಲುತ್ತದೆ ಎಂಬುದನ್ನು ಒಳಗಿನ ಗಾಳಿಯ ಒತ್ತಡ ನಿರ್ಧರಿಸುತ್ತದೆ. ಆ ಸೂತ್ರದಂತೆ 32 ಪಿಎಸ್‌ಐ ಗಾಳಿಯಿದ್ದರೆ ಸುಮಾರು 94 ಕಿ.ಮೀ. ವೇಗ, 24ಕ್ಕೆ ಇಳಿದಿದ್ದರೆ 82 ಕಿ.ಮೀ. ಕಾರಿಗೆ ಇದು ಅಂದಾಜು ಮಾತ್ರ. ಹಿಡಿತ ಸಡಿಲವಾಗುವುದು ಇದಕ್ಕಿಂತ ಎಷ್ಟೋ ಮೊದಲೇ. ಕಾಪು, ಕಟಪಾಡಿ, ಉದ್ಯಾವರದ ನಡುವೆ ಚತುಷ್ಪಥವಾಗಿರುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಇಂಥ ವೇಗ ದಿನನಿತ್ಯದ್ದು. ಬೋಳು ಟಯರಿಗೆ ಕಡಿಮೆ ಗಾಳಿಯೂ ಸೇರಿದರೆ ಎರಡೂ ಒಂದೇ ಕಡೆಗೆ ಎಳೆಯುತ್ತವೆ.

ತೇಲುವ ಲಕ್ಷಣ? ಸ್ಟಿಯರಿಂಗ್ ಇದ್ದಕ್ಕಿದ್ದಂತೆ ಹಗುರವಾಗುತ್ತದೆ, ಎಂಜಿನ್ ಸದ್ದು ಏರುತ್ತದೆ. ಆಗ ಬ್ರೇಕ್ ಒತ್ತಬೇಡಿ. ಆಕ್ಸಿಲರೇಟರ್ ಮೆಲ್ಲಗೆ ಬಿಡಿ, ಸ್ಟಿಯರಿಂಗ್ ನೇರ ಹಿಡಿಯಿರಿ.

ನೀರಿನಲ್ಲಿ ದಪ್ಪ ಟಯರಿಗಿಂತ ಸಪೂರ ಟಯರೇ ವಾಸಿ. ಹಳೆಯ ಆಲ್ಟೋಗಳ 145 ಮಿ.ಮೀ. ಅಗಲದ ಟಯರ್ ನೀರನ್ನು ಸೀಳಿಕೊಂಡು ಹೋಗುತ್ತದೆ. ಅಂದಕ್ಕೆಂದು ಅಗಲದ ಟಯರ್ ಹಾಕಿಸಿ ಅದನ್ನೂ ಸವೆಸಿದರೆ ತೇಲುವ ಸಾಧ್ಯತೆ ಹೆಚ್ಚು.

ಇನ್ನು, ಈ ಅಂಕಣದಲ್ಲಿ ಒಂದೇ ಸಂಗತಿ ನೆನಪಿಡುವುದಾದರೆ ಇದನ್ನು ನೆನಪಿಡಿ: ಎರಡೇ ಹೊಸ ಟಯರ್ ಹಾಕಿಸುವುದಾದರೆ ಅವು ಹಿಂದಿನ ಚಕ್ರಗಳಿಗೆ ಹೋಗಬೇಕು. ಮಿಶೆಲಿನ್, ಬ್ರಿಜ್‌ಸ್ಟೋನ್‌ನಂಥ ತಯಾರಕರ ಸಲಹೆಯೂ ಇದೇ. ಹೆಚ್ಚಿನವರು ಮಾಡಿಸುವುದು ತಿರುಗಾಮುರುಗ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದಲ್ಲಿಂದ ನಮ್ಮ ಹೆಚ್ಚಿನ ಸಣ್ಣ ಕಾರುಗಳ ಎಂಜಿನ್ ಶಕ್ತಿ ಹೋಗುವುದು ಮುಂದಿನ ಚಕ್ರಗಳಿಗೆ. ಎಳೆಯುವುದು, ತಿರುಗುವುದು, ಬ್ರೇಕಿನ ಬಹುಪಾಲು, ಮೂರೂ ಅವುಗಳ ಮೇಲೆ. ಹಾಗಾಗಿ ಮುಂದಿನವೇ ಬೇಗ ಸವೆಯುತ್ತವೆ, ‘ಸವೆದ ಕಡೆಗೇ ಹೊಸದು ಹಾಕಿ’ ಅನ್ನುವುದು ಸಹಜವಾಗಿಯೇ ಬಾಯಿಗೆ ಬರುತ್ತದೆ. ಆದರೆ ಮುಂದಿನ ಟಯರ್ ಜಾರಿದರೆ ಕಾರು ತಿರುಗದೆ ನೇರ ಹೋಗುತ್ತದೆ. ಸ್ಟಿಯರಿಂಗಿನಲ್ಲಿ ಅದು ಕೈಗೆ ತಿಳಿಯುತ್ತದೆ, ಕಾಲು ಸಡಿಲಿಸಿದರೆ ಹಿಡಿತ ಮರಳುವ ಅವಕಾಶವೂ ಇರುತ್ತದೆ. ಹಿಂದಿನದು ಜಾರಿದರೆ ಯಾವ ಮುನ್ಸೂಚನೆಯೂ ಕೈಗೆ ಬರುವುದಿಲ್ಲ, ಕಾರು ಇದ್ದಕ್ಕಿದ್ದಂತೆ ಗಿರಕಿ ಹೊಡೆಯುತ್ತದೆ. ಅದನ್ನು ಸರಿಪಡಿಸುವ ಅಭ್ಯಾಸ ರ‍್ಯಾಲಿ ಚಾಲಕರಿಗಿದೆ, ಮಗುವನ್ನು ಶಾಲೆಗೆ ಬಿಡಲು ಹೊರಟವರಿಗಿಲ್ಲ.

ಪರ್ಕಳದ ಇಳಿಜಾರಿನಲ್ಲಿ ಇದು ಇನ್ನಷ್ಟು ಕೆಟ್ಟದ್ದು. ಇಳಿಯುತ್ತ ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಹಿಂದಿನ ಸೀಟು ಖಾಲಿಯಿರುವ ಸಣ್ಣ ಕಾರಿನ ಹಿಂಬದಿ ಆಗ ಬಹಳ ಹಗುರ. ತಿರುವಿನ ನಡುವೆ ಗಾಬರಿಯಿಂದ ಆಕ್ಸಿಲರೇಟರನ್ನು ಫಕ್ಕನೆ ಬಿಟ್ಟರೂ ಇದೇ ಆಗುತ್ತದೆ. ಆಗುಂಬೆ ಘಾಟಿಯಿಂದ ಹೆಬ್ರಿ ಕಡೆಗೆ ಇಳಿಯುವಾಗ ಇಂಥ ತಿರುವುಗಳು ಒಂದರ ಹಿಂದೊಂದು ಹದಿನಾಲ್ಕು.

ಹಿಡಿತ ಅರ್ಧಕ್ಕಿಳಿದರೆ ಬ್ರೇಕ್ ಹಾಕಿ ನಿಲ್ಲುವ ದೂರ ಇಮ್ಮಡಿಯಾಗುತ್ತದೆ. 50 ಕಿ.ಮೀ. ವೇಗದಲ್ಲಿ ದಾಟಬಹುದಾಗಿದ್ದ ತಿರುವಿಗೆ ಈಗ ಮಿತಿ 35.

ಒಂದೇ ಟಯರ್ ಒಂದೇ ಹೊತ್ತಿಗೆ ಬ್ರೇಕನ್ನೂ ತಿರುವನ್ನೂ ಪೂರ್ತಿ ನಿಭಾಯಿಸಲಾರದು. ಇರುವ ಹಿಡಿತವನ್ನು ಎರಡಕ್ಕೂ ಹಂಚಬೇಕು. ಬೈಲೂರು ದಾಟಿ ಕಾರ್ಕಳಕ್ಕೆ ಹೋಗುವ ದಾರಿಯ ತಿರುವುಗಳಲ್ಲಿ ಬ್ರೇಕ್ ಮೊದಲೇ ಮುಗಿಸಿಕೊಂಡು ಸ್ಟಿಯರಿಂಗ್ ತಿರುಗಿಸಿ. ಮರದ ನೆರಳಿನಲ್ಲಿ ಹಾವಸೆ ಕಟ್ಟಿದ ಡಾಮರು, ಮುರಕಲ್ಲಿನ ಲಾರಿಗಳಿಂದ ಉದುರಿದ ಕೆಮ್ಮಣ್ಣು, ಮೊದಲ ಮಳೆಗೆ ಮೇಲೆದ್ದ ಎಣ್ಣೆ, ಇವಕ್ಕೆ ಹೊಸ ಟಯರೂ ಪೂರ್ತಿ ಉತ್ತರವಲ್ಲ.

ಎಬಿಎಸ್ ಇದ್ದರೆ ಸಾಕೇ? 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯ. ಅದು ಚಕ್ರ ಪೂರ್ತಿ ನಿಂತುಬಿಡದಂತೆ ತಡೆಯುತ್ತದೆ, ಇಲ್ಲದ ಹಿಡಿತವನ್ನು ತಂದುಕೊಡುವುದಿಲ್ಲ.

ಟಯರ್ ಸವೆದಷ್ಟೂ ನಿಮ್ಮ ಓಡೋಮೀಟರ್ ಹೆಚ್ಚು ತೋರಿಸುತ್ತದೆ! 145/80 ಆರ್12 ಟಯರಿನ ವ್ಯಾಸ ಸುಮಾರು 537 ಮಿ.ಮೀ. ಟ್ರೆಡ್ 6 ಮಿ.ಮೀ. ಸವೆದರೆ ವ್ಯಾಸ 12 ಮಿ.ಮೀ. ಕಡಿಮೆಯಾಗುತ್ತದೆ, ಚಕ್ರದ ಸುತ್ತುಗಳು ಶೇ. 2ರಷ್ಟು ಹೆಚ್ಚುತ್ತವೆ.

ಸವೆತದ ಗುರುತೇ ರೋಗದ ಹೆಸರು ಹೇಳುತ್ತದೆ. ನಡುವೆ ಮಾತ್ರ ಸವೆದರೆ ಗಾಳಿ ಹೆಚ್ಚು. ಎರಡೂ ಅಂಚು ಸವೆದರೆ ಗಾಳಿ ಕಡಿಮೆ. ಒಂದೇ ಅಂಚಾದರೆ ಅಲೈನ್‌ಮೆಂಟ್ ತಪ್ಪಿದೆ. ಅಲ್ಲಲ್ಲಿ ಹಳ್ಳ ಬಿದ್ದಂತಿದ್ದರೆ ಶಾಕ್ ಅಬ್ಸಾರ್ಬರ್ ಇಲ್ಲವೇ ಬ್ಯಾಲೆನ್ಸಿಂಗ್ ನೋಡಿಸಿ. ಕಾರಣ ಸರಿಪಡಿಸದೆ ಹೊಸ ಟಯರ್ ಹಾಕಿಸಿದರೆ ಅದೂ ಹಾಗೆಯೇ ಸವೆಯುತ್ತದೆ.

ಪರೀಕ್ಷೆ ಸುಲಭ. ಮುಂದಿನ ಚಕ್ರಗಳನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ ಕಾರು ನಿಲ್ಲಿಸಿ, ಟಯರಿನ ಮೈ ಹೊರಗೆ ಕಾಣುತ್ತದೆ. ಪಕ್ಕದಲ್ಲಿ ಟಿಡಬ್ಲ್ಯುಐ ಎಂಬ ಅಕ್ಷರ ಅಥವಾ ಪುಟ್ಟ ತ್ರಿಕೋನ ಹುಡುಕಿ, ಅದರ ನೇರಕ್ಕೆ ಕಾಲುವೆಯೊಳಗೆ ಬೆರಳಾಡಿಸಿ. ಅಡ್ಡಲಾಗಿ ಒಂದು ರಬ್ಬರ್ ದಿಣ್ಣೆ ತಾಗುತ್ತದೆ. ಅದರ ಎತ್ತರ 1.6 ಮಿ.ಮೀ. ಟ್ರೆಡ್ ಅದಕ್ಕೆ ಸಮನಾಗಿದ್ದರೆ ಟಯರಿನ ಆಯುಷ್ಯ ಮುಗಿದಿದೆ. ಒಳ ಅಂಚನ್ನು ಮರೆಯಬೇಡಿ. ಹೊರಗಿನಿಂದ ಚೆನ್ನಾಗಿ ಕಂಡ ಟಯರ್ ಒಳಬದಿಯಲ್ಲಿ ತಂತಿ ಕಾಣುವಷ್ಟು ಸವೆದಿರುವುದುಂಟು.

ಓಡದ ಕಾರಿನ ಟಯರೂ ಹಾಳಾಗುತ್ತದೆ. ಮುಂಬೈ, ದುಬೈಯಲ್ಲಿರುವವರು ಊರ ಮನೆಯಲ್ಲಿ ನಿಲ್ಲಿಸಿಹೋದ ಕಾರುಗಳ ಕಾಲುವೆ ಆಳವಾಗಿಯೇ ಇರುತ್ತದೆ, ಆದರೆ ರಬ್ಬರ್ ಗಟ್ಟಿಯಾಗಿ ಬದಿಯಲ್ಲಿ ಬಿರುಕು ಬಿಟ್ಟಿರುತ್ತದೆ. ಗಟ್ಟಿ ರಬ್ಬರ್ ಒದ್ದೆ ರಸ್ತೆಯನ್ನು ಹಿಡಿಯುವುದಿಲ್ಲ. ಟಯರಿನ ಬದಿಯಲ್ಲಿರುವ ಡಾಟ್ (DOT) ಗುರುತಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದ ಟಯರ್. ಊರಿಗೆ ಬಂದ ಮರುದಿನವೇ ಮನೆಮಂದಿಯನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯುವ ಮೊದಲು ಇದನ್ನು ನೋಡಲೇಬೇಕು.

ಸೆಕೆಂಡ್ ಹ್ಯಾಂಡ್ ಟಯರ್ ಕೊಳ್ಳುವಾಗ ಕಾಲುವೆಯ ತಳವನ್ನೇ ಗಮನಿಸಿ. ತಳದಲ್ಲಿ ಆ 1.6 ಮಿ.ಮೀ. ದಿಣ್ಣೆ ಕಾಣದಿದ್ದರೆ, ಬೋಳಾದ ಟಯರಿಗೆ ಮತ್ತೆ ಕಾಲುವೆ ಕೆತ್ತಿರುವ ಸಂಶಯವಿದೆ. ಕೆತ್ತಿದಷ್ಟೂ ಒಳಗಿನ ಉಕ್ಕಿನ ಪದರಕ್ಕೆ ಹೊದಿಕೆ ತೆಳುವಾಗುತ್ತದೆ. ಅಂಥದ್ದನ್ನು ಯಾವ ಬೆಲೆಗೂ ತರಬೇಡಿ.

ಡಿಕ್ಕಿಯೊಳಗಿನ ಸ್ಟೆಪ್ನಿಗೂ ವಯಸ್ಸಾಗುತ್ತದೆ, ಬಳಸದಿದ್ದರೂ ಗಾಳಿ ಇಳಿಯುತ್ತದೆ. ಪಂಕ್ಚರ್ ಆದಾಗ ಹೊಸದರಂತಿರುವ ಸ್ಟೆಪ್ನಿಯನ್ನು ಬೋಳು ಟಯರಿನ ಜೋಡಿಯಾಗಿ ಹಾಕಿ ಹೊರಟರೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದೊಡನೆ ಕಾರು ಒಂದು ಬದಿಗೆ ಎಳೆಯಬಹುದು. ಹತ್ತಿರದ ಪಂಕ್ಚರ್ ಅಂಗಡಿಯವರೆಗೆ ನಿಧಾನವಾಗಿ ಹೋಗಿ, ಅಲ್ಲಿ ಗಾಳಿ ಹಾಕಿಸುವಾಗ ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿರುವ ಒತ್ತಡದ ಪಟ್ಟಿ ತೋರಿಸಿ.