ಕುದುರೆ ಮಾರಿದ್ದು ಯಾರು? ಮಾಲ್ಗುಡಿಯ ಒಂದು ಕಂತು ಮತ್ತು ನಮ್ಮ ಮೊಬೈಲಿನ ಒಂದು ಬಟನ್

ನವಲಗುಂದ ತಾಲ್ಲೂಕಿನ ಮೊರಬದಿಂದ ಮಾತಾಡಾಕತ್ತೀನಿ. ಇವತ್ತಿನ ವಿಷಯ ಹಳೇ ಟಿವಿ. ಅದರಲ್ಲೂ ಪ್ರಾಣಿಯೊಂದನ್ನು ನಡುವೆ ಇಟ್ಟುಕೊಂಡು ಮಾಡಿದ ನಾಟಕ. ಕೇಳ್ತಾ ಕೇಳ್ತಾ ನಿಮ್ಮ ಮೊಬೈಲಿನ ಸಾಲದ ಆಪ್ ತನಕ ಬರ್ತೀವಿ, ಸ್ವಲ್ಪ ತಾಳ್ಮೆ ಇರಲಿ.

ಟಿವಿ ಶುರುವಾದ ಕಾಲದಲ್ಲಿ ಪ್ರಾಣಿ ಅಂದ್ರೆ ಹೀರೋ. ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ 1954ರ ಸೆಪ್ಟೆಂಬರ್‌ನಲ್ಲಿ ಶುರುವಾದ 'ಲಾಸ್ಸಿ' 1973ರವರೆಗೆ ಓಡಿತು. ಕಥೆಯಲ್ಲಿ ಲಾಸ್ಸಿ ಹೆಣ್ಣು ನಾಯಿ, ಆದರೆ ಪಾತ್ರ ಮಾಡಿದ್ದು ಗಂಡು ನಾಯಿಗಳು. 1943ರ ಸಿನಿಮಾದಲ್ಲಿ ಲಾಸ್ಸಿಯಾಗಿದ್ದ 'ಪಾಲ್' ಅನ್ನೋ ನಾಯಿಯ ಮಕ್ಕಳು ಮೊಮ್ಮಕ್ಕಳೇ ಮುಂದೆ ಟಿವಿಯಲ್ಲೂ ಆ ಪಾತ್ರ ಮುಂದುವರಿಸಿದವು. ಆಸ್ಟ್ರೇಲಿಯಾದಲ್ಲಿ 1968ರಿಂದ 'ಸ್ಕಿಪ್ಪಿ' ಅನ್ನೋ ಕಾಂಗರೂ ಬಂತು. ಸೂತ್ರ ಒಂದೇ: ಹುಡುಗ ಆಪತ್ತಿಗೆ ಸಿಗ್ತಾನೆ, ಪ್ರಾಣಿ ಓಡಿ ಹೋಗಿ ದೊಡ್ಡವರನ್ನು ಕರ್ಕೊಂಡು ಬರ್ತದೆ.

ನಮ್ಮಲ್ಲಿ ಟಿವಿ 1959ರಲ್ಲೇ ದೆಹಲಿಗೆ ಬಂದಿತ್ತು. ಆದರೆ ಧಾರಾವಾಹಿಯ ಹುಚ್ಚು ಹಿಡಿದಿದ್ದು 1984ರ 'ಹಮ್ ಲೋಗ್' ನಂತರ. ಅದರ ಬೆನ್ನಿಗೇ 1986ರ ಹೊತ್ತಿಗೆ ಬಂದಿದ್ದು 'ಮಾಲ್ಗುಡಿ ಡೇಸ್'. ಕಥೆಗಳು ಮೈಸೂರಿನಲ್ಲಿ ಬದುಕು ಕಳೆದ ಆರ್.ಕೆ. ನಾರಾಯಣ್ ಅವರದ್ದು, ಚಿತ್ರಗಳು ತಮ್ಮ ಆರ್.ಕೆ. ಲಕ್ಷ್ಮಣ್ ಅವರದ್ದು, ನಿರ್ದೇಶನ ಶಂಕರ್ ನಾಗ್, ನಿರ್ಮಾಣ ಟಿ.ಎಸ್. ನರಸಿಂಹನ್, ಸಂಗೀತ ಎಲ್. ವೈದ್ಯನಾಥನ್. ಶೂಟಿಂಗ್ ಹೆಚ್ಚಾಗಿ ನಡೆದಿದ್ದು ಆಗುಂಬೆಯಲ್ಲಿ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಗಿರೀಶ್ ಕಾರ್ನಾಡ್. ಇಷ್ಟು ಎಲ್ಲರಿಗೂ ಗೊತ್ತು. 'ತಾನಾ ನಾ' ಟ್ಯೂನ್ ಅಂತೂ ಇವತ್ತಿಗೂ ರೀಲ್ಸ್‌ನಲ್ಲಿ ಕೇಳ್ತದ.

ನಾನು ಹೇಳಬೇಕಂದಿದ್ದು ಸ್ವಾಮಿಯ ಕಂತಲ್ಲ. ಅದೇ ಧಾರಾವಾಹಿಯಲ್ಲಿ 'ಎ ಹಾರ್ಸ್ ಅಂಡ್ ಟೂ ಗೋಟ್ಸ್' ಅನ್ನೋ ಕಂತಿದೆ. ಒಂದು ಕುದುರೆ, ಎರಡು ಆಡು. ಲಾಸ್ಸಿಯ ಸೂತ್ರ ಇಲ್ಲಿ ಪೂರ್ತಿ ಉಲ್ಟಾ. ಕುದುರೆ ಓಡಲ್ಲ, ಕೆನೆಯಲ್ಲ, ಯಾರನ್ನೂ ಉಳಿಸಲ್ಲ. ಯಾಕಂದ್ರ ಅದು ಮಣ್ಣಿನ ಕುದುರೆ.

ನಾರಾಯಣ್ ಬರೆದ ಮೂಲ ಕಥೆ ಹೀಗಿದೆ. ಮುನಿ ಅನ್ನೋ ಮುದುಕ. ಒಂದು ಕಾಲದಲ್ಲಿ ಆಡು ಕುರಿ ಸೇರಿ ನಲವತ್ತರ ಹಿಂಡು ಇತ್ತು, ಈಗ ಉಳಿದಿದ್ದು ಎರಡೇ ಆಡು. ಅಂಗಡಿಯವನು ಹಳೇ ಬಾಕಿ ನೆನಪಿಸಿ ಉದ್ರಿ ಕೊಡಲ್ಲ ಅಂತಾನೆ. ಮುನಿ ಆಡುಗಳನ್ನು ಹೊಡ್ಕೊಂಡು ಊರ ಹೊರಗಿನ ಹೆದ್ದಾರಿ ಹತ್ರ, ಮಣ್ಣಿನ ದೊಡ್ಡ ಕುದುರೆ ಮೂರ್ತಿಯ ನೆರಳಿಗೆ ಕೂರ್ತಾನೆ. ಅಲ್ಲಿ ಒಬ್ಬ ಅಮೆರಿಕನ್ನನ ಕಾರು ಪೆಟ್ರೋಲ್ ಮುಗಿದು ನಿಲ್ತದೆ. ಅವನ ಖಾಕಿ ಬಟ್ಟೆ ನೋಡಿ ಮುನಿಗೆ ಪೊಲೀಸ್ ಅಂತ ಭಯ. ಅವನು ಇಂಗ್ಲಿಷಿನಲ್ಲಿ ಕುದುರೆಯ ಬೆಲೆ ಕೇಳ್ತಾನೆ. ಇವನು ತಮಿಳಿನಲ್ಲಿ ಕಲಿಯುಗದ ಕೊನೆಗೆ ಬರೋ ಕಲ್ಕಿಯ ಕಥೆ ಹೇಳ್ತಾನೆ. ಅವನು ಕನೆಕ್ಟಿಕಟ್‌ನ ಮನೆಯ ಹಾಲ್‌ನಲ್ಲಿ ಕುದುರೆ ಎಲ್ಲಿ ನಿಲ್ಲಿಸಬೇಕು ಅಂತ ಲೆಕ್ಕ ಹಾಕ್ತಾನೆ. ಕೊನೆಗೆ ನೂರು ರೂಪಾಯಿ ಕೈಗೆ ಬರ್ತದೆ. ಮುನಿಗೆ ಅನಿಸೋದು: ಪಾಪ, ನನ್ನ ಆಡು ಕೊಂಡ್ಕೊಂಡ. ಆಡು ಅಲ್ಲೇ ಬಿಟ್ಟು ಖುಷಿಯಲ್ಲಿ ಮನೆಗೆ ಹೋಗ್ತಾನೆ. ಅಮೆರಿಕನ್ ಲಾರಿಯವರನ್ನು ನಿಲ್ಲಿಸಿ, ಅವರ ಕೈಲಿ ಕುದುರೆ ಎತ್ತಿಸ್ಕೊಂಡು ಹೋಗ್ತಾನೆ. ಸಂಜೆ ಎರಡೂ ಆಡು ಮುನಿಯ ಮನೆ ಬಾಗಿಲಿಗೆ ಬಂದು 'ಮ್ಯಾಂ' ಅಂತಾವ. ಹೆಂಡತಿ ನೂರರ ನೋಟು ನೋಡ್ತಾಳೆ, ಆಡು ನೋಡ್ತಾಳೆ, ಗಂಡ ಕಳವು ಮಾಡ್ಯಾನ ಅಂತ ಅನುಮಾನ ಪಡ್ತಾಳೆ.

ಇದನ್ನ ಜನ ತಮಾಷೆ ಕಥೆ ಅಂತ ನೋಡ್ತಾರೆ. ತಮಾಷೆ ಹೌದು. ಆದರೆ ಬಿಕಾಂ ಓದಿದವರು ನೋಡಿದ್ರೆ ಬಿಸಿನೆಸ್ ಲಾ ಪರೀಕ್ಷೆಯ ಪ್ರಶ್ನೆ ಕಣ್ಣಿಗೆ ಬೀಳ್ತದ: ಇಲ್ಲಿ ವ್ಯಾಪಾರ ಆಯ್ತೋ ಇಲ್ಲೋ?

1872ರ ಭಾರತೀಯ ಕರಾರು ಕಾಯ್ದೆಯ 13ನೇ ಕಲಂ ಪ್ರಕಾರ, ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಅದು ಸಮ್ಮತಿ. ಒಬ್ಬನ ತಲೆಯಲ್ಲಿ ಕುದುರೆ, ಇನ್ನೊಬ್ಬನ ತಲೆಯಲ್ಲಿ ಆಡು. ದುಡ್ಡು ಕೈ ಬದಲಾಯ್ತು ಅಷ್ಟೇ, ಒಪ್ಪಂದ ಆಗಲಿಲ್ಲ. ಇನ್ನೊಂದು ತೊಡಕೂ ಇದೆ. ಕುದುರೆ ಮುನಿಯದ್ದೇ ಅಲ್ಲ, ಊರಿನದು. ತನ್ನದಲ್ಲದ ವಸ್ತುವಿನ ಹಕ್ಕನ್ನು ಇನ್ನೊಬ್ಬನಿಗೆ ಕೊಡೋಕೆ ಬರಲ್ಲ ಅನ್ನೋದು 1930ರ ಸರಕು ಮಾರಾಟ ಕಾಯ್ದೆಯ ಸಾಮಾನ್ಯ ನಿಯಮ. ನಮ್ಮ ಕಡೆ ಮಣ್ಣೆತ್ತಿನ ಅಮಾವಾಸಿಗೆ ಎರಿ ಮಣ್ಣಿನ ಜೋಡೆತ್ತು ಮಾಡಿ ಪೂಜೆ ಮಾಡ್ತೀವಲ್ಲ, ಆ ಎತ್ತಿನ ರೇಟ್ ಎಷ್ಟು ಅಂತ ಯಾರಾದ್ರೂ ಕೇಳಿದ್ರೆ ಏನಂತೀರಿ? ಬೆಲೆ ಅನ್ನೋ ಪ್ರಶ್ನೆಯೇ ಹುಟ್ಟದ ವಸ್ತು ಅದು. ಮುನಿಗೂ ಹಂಗ. ಅದಕ್ಕೇ ಅವನಿಗೆ ಮಾರಾಟದ ವಿಚಾರ ಕುದುರೆ ಕಡೆ ಹೋಗಲೇ ಇಲ್ಲ, ಆಡಿನ ಕಡೆ ಹೋಯ್ತು.

ಕಥೆಯಲ್ಲಿ ಮಾತ್ರ ಹಿಂಗ ಆಗ್ತದ ಅನ್ಕೋಬ್ಯಾಡ್ರಿ. ಹತ್ತಿ ಬೆಳೆಯೋ ನಮ್ಮ ಎರಿ ನೆಲದವರು ಕೇಳಲೇಬೇಕಾದ ಒಂದು ಕೇಸು ಇಂಗ್ಲೆಂಡಿನಲ್ಲಿ 1864ರಲ್ಲಿ ತೀರ್ಮಾನವಾಯ್ತು. ಬಾಂಬೆಯಿಂದ 'ಪೀರ್‌ಲೆಸ್' ಹಡಗಿನಲ್ಲಿ ಬರೋ 125 ಬೇಲ್ ಸೂರತ್ ಹತ್ತಿಗೆ ವ್ಯಾಪಾರ ಆಗಿತ್ತು. ತಾಪತ್ರಯ ಏನಂದ್ರ, ಅದೇ ಹೆಸರಿನ ಎರಡು ಹಡಗುಗಳಿದ್ದವು. ಒಂದು ಅಕ್ಟೋಬರ್‌ನಲ್ಲಿ ಹೊರಟಿದ್ದು, ಇನ್ನೊಂದು ಡಿಸೆಂಬರ್‌ನಲ್ಲಿ. ಕೊಳ್ಳುವವನ ಮನಸ್ಸಿನಲ್ಲಿ ಮೊದಲನೇದು, ಮಾರುವವನ ಮನಸ್ಸಿನಲ್ಲಿ ಎರಡನೇದು. ತೀರ್ಪು ಕೊಳ್ಳುವವನ ಪರವಾಗಿ ಬಂತು. ಅವನು ಆ ಹತ್ತಿ ತಗೋಬೇಕಾಗಿ ಬರಲಿಲ್ಲ.

ಇದಕ್ಕೆ ಎದುರಾಗಿ ನಮ್ಮ ದನದ ಸಂತೆ ನೋಡ್ರಿ. ದಲ್ಲಾಳಿ ಮತ್ತು ರೈತ ಟವೆಲ್ ಕೆಳಗೆ ಕೈ ಇಟ್ಟು, ಬೆರಳು ಹಿಡಿದು ರೇಟ್ ಮುಗಿಸ್ತಾರೆ. ಬಾಯಿಂದ ಒಂದು ಮಾತಿಲ್ಲ, ಆದರೂ ಗೊಂದಲ ಇಲ್ಲ. ಯಾವ ಬೆರಳಿಗೆ ಎಷ್ಟು ಅನ್ನೋದು ಇಬ್ಬರಿಗೂ ಮೊದಲೇ ಗೊತ್ತು. ಎತ್ತಂತೂ ಕಣ್ಣ ಮುಂದೇ ನಿಂತಿರ್ತದ. ಅಂದ್ರೆ ಸಮ್ಮತಿಗೆ ಬೇಕಾಗಿದ್ದು ಜಾಸ್ತಿ ಮಾತಲ್ಲ, ಇಬ್ಬರಿಗೂ ಗೊತ್ತಿರೋ ಒಂದು ಭಾಷೆ.

ಈಗ ಮೊಬೈಲ್ ತೆಗೀರಿ. ಐದು ನಿಮಿಷದಲ್ಲಿ ಸಾಲ ಅಂತ ಆಪ್ ಬರ್ತದ. ಪುಟಗಟ್ಟಲೆ ಇಂಗ್ಲಿಷ್, ಕೆಳಗೆ 'ಐ ಅಗ್ರೀ' ಬಟನ್. ಆಪ್ ತನ್ನ ಭಾಷೆಯಲ್ಲಿ ಕುದುರೆ ಬಗ್ಗೆ ಹೇಳ್ತಿರ್ತದ, ನಾವು ಆಡು ಅಂದ್ಕೊಂಡು ಒತ್ತಿರ್ತೀವಿ. ಆದರೆ ಒಂದು ವ್ಯತ್ಯಾಸ ಇದೆ, ಅದು ನಮಗೆ ಅನುಕೂಲದ್ದಲ್ಲ. ಓದಲಿಲ್ಲ, ತಿಳೀಲಿಲ್ಲ ಅಂತ ಹೇಳಿದ ಮಾತ್ರಕ್ಕೆ ಒಪ್ಪಿದ ಸಾಲದಿಂದ ಸಾಮಾನ್ಯವಾಗಿ ಬಿಡುಗಡೆ ಸಿಗಲ್ಲ.

ಒಂದು ಲೆಕ್ಕ ಹಾಕೋಣ, ಬರೇ ಉದಾಹರಣೆಗೆ. 10,000 ರೂಪಾಯಿ ಸಾಲ, ಬಡ್ಡಿ ತಿಂಗಳಿಗೆ ಶೇ. 3, ಅಂದ್ರೆ 300 ರೂಪಾಯಿ. ಕಡಿಮೆ ಅನಿಸ್ತದ, ಹೌದಿಲ್ಲೋ? ಆದರೆ 500 ರೂಪಾಯಿ ಪ್ರೊಸೆಸಿಂಗ್ ಫೀ ಮೊದಲೇ ಮುರ್ಕೊಂಡ್ರು. ಕೈಗೆ ಬಂದಿದ್ದು 9,500, ತಿಂಗಳಿಗೆ ವಾಪಸ್ ಕೊಡೋದು 10,300. ಅಂದ್ರೆ 9,500ಕ್ಕೆ 800 ರೂಪಾಯಿ ಖರ್ಚು. ತಿಂಗಳಿಗೆ ಶೇ. 8.4, ವರ್ಷಕ್ಕೆ ಶೇ. 101ರ ಸುತ್ತ. ಶೇ. 3 ಅನ್ನೋದು ಆಡು, ಶೇ. 101 ಅನ್ನೋದು ಕುದುರೆ.

ಇದಕ್ಕೇ ಆರ್‌ಬಿಐ ಒಂದು ದಾರಿ ಮಾಡಿದೆ. 2024ರ ಏಪ್ರಿಲ್ 15ರ ಸುತ್ತೋಲೆ ಪ್ರಕಾರ ಬ್ಯಾಂಕುಗಳು ಮತ್ತು ಎನ್‌ಬಿಎಫ್‌ಸಿಗಳು ರಿಟೇಲ್ ಸಾಲ ಕೊಡೋ ಮುಂಚೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಅನ್ನೋ ಸಾರಾಂಶ ಕೊಡಬೇಕು. 2024ರ ಅಕ್ಟೋಬರ್ 1ರಿಂದ ಹೊಸ ಸಾಲಗಳಿಗೆ ಇದು ಅನ್ವಯ. ಅದರಲ್ಲಿ ಬಡ್ಡಿ, ಫೀ ಎಲ್ಲ ಸೇರಿಸಿದ ವಾರ್ಷಿಕ ದರ, ಅಂದ್ರೆ ಎಪಿಆರ್, ಇರಬೇಕು. ಮುಖ್ಯವಾದ ಮಾತು ಇದು: ಆ ಪತ್ರ ಸಾಲ ಪಡೆಯುವವರಿಗೆ ಅರ್ಥವಾಗೋ ಭಾಷೆಯಲ್ಲಿ ಇರಬೇಕು, ಅದನ್ನು ವಿವರಿಸಿ ಹೇಳಬೇಕು, ಅರ್ಥ ಆಯ್ತು ಅಂತ ಅವರಿಂದ ಒಪ್ಪಿಗೆ ತಗೋಬೇಕು. ಏಳು ದಿನ ಅಥವಾ ಅದಕ್ಕಿಂತ ಹೆಚ್ಚು ಅವಧಿಯ ಸಾಲವಾದರೆ, ಯೋಚನೆ ಮಾಡೋಕೆ ಕನಿಷ್ಠ ಮೂರು ಕೆಲಸದ ದಿನ ಆ ಷರತ್ತುಗಳು ಚಾಲ್ತಿಯಲ್ಲಿರಬೇಕು.

ಹಾಗಾಗಿ ಅಗ್ರೀ ಒತ್ತೋ ಮುಂಚೆ ಮೂರು ಕೆಲಸ ಮಾಡ್ರಿ. ಸಾಲ ಕೊಡ್ತಿರೋ ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿ ಹೆಸರು ಯಾವುದು ಅಂತ ಹುಡುಕ್ರಿ. ಕೆಎಫ್‌ಎಸ್ ಕನ್ನಡದಲ್ಲಿ ಕೇಳ್ರಿ. ಅದರಲ್ಲಿ ಬಡ್ಡಿ ಬಿಟ್ಟು ಮೊದಲು ಎಪಿಆರ್ ನೋಡ್ರಿ. ಮನೆಯಲ್ಲಿ ಅಪ್ಪ ಅವ್ವ ಸಾಲಕ್ಕೆ ಹೆಬ್ಬೆಟ್ಟು ಒತ್ತೋ ಮುಂಚೆ ನೀವೇ ಓದಿ ಹೇಳ್ರಿ.

'ಮಾಲ್ಗುಡಿ ಡೇಸ್' ಪೂರ್ತಿ ನೋಡೋರಿಗೆ ಇನ್ನೊಂದು ಮಾತು. ಅದರಲ್ಲೇ 'ನಾಗ' ಅನ್ನೋ ಕಥೆಯೂ ಇದೆ, ಅಪ್ಪ ಬಿಟ್ಟು ಹೋದ ಹಾವಾಡಿಗರ ಹುಡುಗ ಮತ್ತು ಒಂದು ಮುದಿ ನಾಗರಹಾವಿನದು. ಅಲ್ಲೂ ಪ್ರಾಣಿ ಯಾರನ್ನೂ ಉಳಿಸಲ್ಲ, ಹುಡುಗನೇ ಅದನ್ನು ಸಾಕಬೇಕು. ನಾರಾಯಣ್ ಪ್ರಾಣಿಗಳು ಹಂಗೇ. ಬಡವರ ಮನೆಯಲ್ಲಿ ಅವು ಹೀರೋ ಅಲ್ಲ, ಆಸ್ತಿ. ಕೆಲವೊಮ್ಮೆ ಉಳಿದಿರೋ ಒಂದೇ ಆಸ್ತಿ. ಮುನಿಯ ಆಡುಗಳು ತಾವಾಗೇ ದಾರಿ ಹಿಡಿದು ಮನೆಗೆ ಬಂದವು. ಆಪ್‌ಗೆ ಹೋದ ದುಡ್ಡು ಹಂಗ ಬರೋದಿಲ್ಲ.