ಮಾಡಿನ ದುರಸ್ತಿಯೂ ವಿಮೆಯ ಪರಿಹಾರವೂ

ಪತ್ತನಾಜೆಯಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ಮನೆಯ ಮಳೆಗಾಲದ ಸಿದ್ಧತೆ ಮುಗಿದಿರಬೇಕೆಂಬುದು ಕಾಸರಗೋಡಿನ ಹಿರಿಯರ ಲೆಕ್ಕಾಚಾರ. ಒಡೆದ ಹೆಂಚು ಬದಲಾಯಿಸುವುದು, ಗೆದ್ದಲು ಹಿಡಿದ ರೀಪು-ಪಕಾಸುಗಳನ್ನು ತೆಗೆಯುವುದು, ಮಾಡಿನತ್ತ ಬಾಗಿದ ಗೆಲ್ಲುಗಳನ್ನು ಕಡಿಯುವುದು, ಇವೆಲ್ಲ ಮನೆ ಸೋರದಿರಲೆಂದು ನಡೆದುಬಂದ ಕೆಲಸಗಳು. ಇಂದು ಇವುಗಳಿಗೆ ಇನ್ನೊಂದು ಮಹತ್ವವೂ ಕೂಡಿಕೊಂಡಿದೆ. ವಿಮೆ ಮಾಡಿಸಿದ ಮನೆಗೆ ಹಾನಿಯಾದಾಗ ಪರಿಹಾರ ದೊರೆಯುವುದೋ ಇಲ್ಲವೋ ಎಂಬುದು ಅನೇಕ ಸಲ ಈ ಕೆಲಸಗಳನ್ನೇ ಅವಲಂಬಿಸಿರುತ್ತದೆ.

ತಮ್ಮ ಮನೆಗೆ ವಿಮೆಯಿದೆಯೆಂಬುದೇ ಕೆಲವು ಕುಟುಂಬಗಳಿಗೆ ತಿಳಿದಿರುವುದಿಲ್ಲ. ಗೃಹಸಾಲ ಪಡೆಯುವಾಗ ಬ್ಯಾಂಕು ಮಾಡಿಸಿದ ಪಾಲಿಸಿ ಸಾಲದ ಕಡತದೊಳಗೆ ಉಳಿದುಬಿಟ್ಟಿರುತ್ತದೆ. ಅದರ ಪ್ರತಿಯನ್ನು ಕೇಳಿ ಪಡೆದು ಓದುವುದು ಮೊದಲ ಕೆಲಸ.

ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿ ಜಾರಿಯಲ್ಲಿದೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪ, ಭೂಕುಸಿತ, ನೀರಿನ ಟ್ಯಾಂಕು ಅಥವಾ ಪೈಪು ಒಡೆಯುವುದು ಮೊದಲಾದ ಅಪಾಯಗಳು ಇದರ ವ್ಯಾಪ್ತಿಗೆ ಬರುತ್ತವೆ. ಮಧುವಾಹಿನಿ ಉಕ್ಕಿ ಮಧೂರಿನ ಮನೆಯೊಂದಕ್ಕೆ ನೀರು ನುಗ್ಗಿದರೆ ಅದು ನೆರೆ. ಆದರೆ ವರ್ಷಗಟ್ಟಲೆ ಗೋಡೆಗೆ ಒಸರು ಹಿಡಿದು ಗಾರೆ ಉದುರಿದರೆ ಅದು ಸವಕಳಿ, ಅದಕ್ಕೆ ಪರಿಹಾರವಿಲ್ಲ. ಭೂಕುಸಿತದ ವಿಷಯದಲ್ಲೂ ಎಚ್ಚರ ಬೇಕು. ಕಡಲ್ಕೊರೆತ, ಹೊಳೆಯ ದಡ ಸವೆಯುವುದು, ಕಳಪೆ ನಿರ್ಮಾಣ, ನೆಲ ಅಗೆಯುವ ಕಾಮಗಾರಿ, ಇವುಗಳಿಂದಾದ ಕುಸಿತವನ್ನು ಪಾಲಿಸಿ ಹೊರಗಿಡುತ್ತದೆ. ಉಪ್ಪಳದ ಮುಸೋಡಿಯಂತಹ ಕಡಲತಡಿಯ ಮನೆಯವರೂ ಗುಡ್ಡ ಕಡಿದು ರಸ್ತೆ ಮಾಡಿದ ಕಡೆಯ ನಿವಾಸಿಗಳೂ ಈ ನಿಯಮವನ್ನು ಮೊದಲೇ ತಿಳಿದಿರಬೇಕು.

ವಿಮೆ ಆಕಸ್ಮಿಕಕ್ಕೆ ಹಣ ಕೊಡುತ್ತದೆ, ಕಾಲ ಮಾಡಿದ ಹಾನಿಗೆ ಕೊಡುವುದಿಲ್ಲ. ಈ ತತ್ತ್ವ ಸರಳವಾದರೂ ಮಳೆಗಾಲದಲ್ಲಿ ಆಕಸ್ಮಿಕವೂ ಕಾಲವೂ ಒಂದೇ ಮಾಡಿನ ಮೇಲೆ ಕೆಲಸ ಮಾಡುತ್ತಿರುತ್ತವೆ. ಜುಲೈ ತಿಂಗಳ ಒಂದು ರಾತ್ರಿ ಬೀಸಿದ ಗಾಳಿಗೆ ಬದಿಯಡ್ಕದ ಕಡೆಯ ಎರಡು ಹೆಂಚಿನ ಮನೆಗಳ ಮಾಡು ಕುಸಿಯಿತೆಂದು ಭಾವಿಸೋಣ. ಒಂದರ ಪಕಾಸುಗಳು ಗಟ್ಟಿಯಾಗಿದ್ದವು. ಇನ್ನೊಂದರ ಪಕಾಸುಗಳನ್ನು ಗೆದ್ದಲು ಟೊಳ್ಳಾಗಿಸಿತ್ತು. ಗಾಳಿ ಎರಡಕ್ಕೂ ಒಂದೇ. ಆದರೆ ಕಾನೂನು ಕೇಳುವುದು ಹಾನಿಯ ನಿಕಟ ಕಾರಣ ಯಾವುದೆಂದು. ಎರಡನೆಯ ಮನೆಯ ವಿಷಯದಲ್ಲಿ ಸರ್ವೇಯರ್ ‘ಮರ ಮೊದಲೇ ಲಡ್ಡಾಗಿತ್ತು’ ಎಂದು ಬರೆದರೆ ಪರಿಹಾರ ಕಡಿತಗೊಳ್ಳಬಹುದು, ಇಲ್ಲವೇ ಪೂರ್ಣವಾಗಿ ನಿರಾಕರಣೆಯಾಗಬಹುದು.

ಹಾಗೆಂದು ಅಲಕ್ಷ್ಯವೆಂಬ ಒಂದೇ ಮಾತಿನಿಂದ ಎಲ್ಲ ಕ್ಲೇಮುಗಳನ್ನು ತಳ್ಳಿಹಾಕಲಾಗದು. ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ರೈತರು ಮೆಣಸಿನಕಾಯಿ ಇರಿಸಿದ್ದ ಶೀತಲಗೃಹ 2014ರ ಜನವರಿಯಲ್ಲಿ ಬೆಂಕಿಗೆ ಆಹುತಿಯಾಯಿತು. ವಿಮಾ ಕಂಪನಿ ಹಣ ನೀಡಲು ಒಪ್ಪಲಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟು ರೈತರ ಪರವಾಗಿ ತೀರ್ಪಿತ್ತಿತು. ವಿಮೆದಾರನೇ ಉದ್ದೇಶಪೂರ್ವಕವಾಗಿ ಹಚ್ಚಿದ್ದಲ್ಲದಿದ್ದರೆ ಬೆಂಕಿ ಹೇಗೆ ಹತ್ತಿತೆಂಬುದು ಅಗ್ನಿವಿಮೆಯಲ್ಲಿ ಮುಖ್ಯವಲ್ಲವೆಂಬುದು ಅದರ ನಿಲುವು. ವಿಮೆಗೊಳಪಟ್ಟ ಅಪಾಯ ಸಂಭವಿಸಿತೆಂದು ತೋರಿಸುವುದು ಮನೆಯವರ ಹೊಣೆ. ಹಾನಿ ವಿನಾಯಿತಿಯ ಷರತ್ತಿನೊಳಗೆ ಬರುತ್ತದೆಂದು ಸಾಧಿಸುವುದು ಕಂಪನಿಯ ಹೊಣೆ. ಸರ್ವೇಯರ್ ವರದಿ ಮಹತ್ವದ್ದಾದರೂ ಅದೇ ಕೊನೆಯ ಮಾತಲ್ಲವೆಂದು ಸುಪ್ರೀಂ ಕೋರ್ಟು 2009ರಲ್ಲಿಯೇ ಹೇಳಿದೆ.

ಆದರೆ ಆ ವರದಿಗೆ ಎದುರಾಗಿ ನಿಲ್ಲಲು ಆಧಾರ ಬೇಕು. ಮಳೆಗಾಲಕ್ಕೆ ಮೊದಲು ಮಾಡಿನ ಒಳಭಾಗ, ಗೋಡೆ, ತಾರಸಿ, ಚರಂಡಿಗಳ ಫೋಟೋಗಳನ್ನು ದಿನಾಂಕ ಸಹಿತ ತೆಗೆದಿಡಬೇಕು. ಶಾಲೆಗೆ ಹೋಗುವ ಮಕ್ಕಳಿಗೂ ಇದು ಕಷ್ಟದ ಕೆಲಸವಲ್ಲ. ಹೆಂಚು, ಮರ, ಸಿಮೆಂಟಿನ ಬಿಲ್ಲುಗಳನ್ನೂ ಬಡಗಿಗೆ, ಗೆದ್ದಲಿನ ಔಷಧಿಗೆ ಕೊಟ್ಟ ಹಣದ ರಶೀದಿಗಳನ್ನೂ ಒಂದು ಕಡತದಲ್ಲಿಡಬೇಕು. ಕೈಬರಹದ ರಶೀದಿಗೂ ಬೆಲೆಯಿದೆ. ತಾರಸಿಯ ಮೇಲೆ ತಗಡಿನ ಮಾಡು ಹಾಕಿಸಿದರೆ, ಮನೆಯ ಒಂದು ಭಾಗವನ್ನು ಅಂಗಡಿಯಾಗಿಸಿದರೆ ಕಂಪನಿಗೆ ಲಿಖಿತವಾಗಿ ತಿಳಿಸಬೇಕು. ಮನೆಮಂದಿ ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇದ್ದು ಮನೆಗೆ ಬೀಗ ಬಿದ್ದಿದ್ದರೆ, ಖಾಲಿ ಮನೆಯ ಬಗ್ಗೆ ಪಾಲಿಸಿ ಏನು ಹೇಳುತ್ತದೆಂದು ನೋಡಬೇಕು.

ವಯರಿಂಗ್‌ಗೂ ಇಷ್ಟೇ ಗಮನ ಸಲ್ಲಬೇಕು. ಶಾರ್ಟ್ ಸರ್ಕ್ಯೂಟಿನಿಂದ ಟಿ.ವಿ.ಯೊಂದೇ ಸುಟ್ಟರೆ ಸಾಮಾನ್ಯವಾಗಿ ಅದಕ್ಕೆ ಪರಿಹಾರವಿಲ್ಲ. ಸಿಡಿಲಿನಿಂದ ಹಾಗಾದರೂ ಇದೇ ನಿಯಮ. ಅದರಿಂದ ಬೆಂಕಿ ಹರಡಿ ಮನೆಗೆ ಹಾನಿಯಾದರೆ ಆ ಹಾನಿಗೆ ಪರಿಹಾರವುಂಟು.

ಅನಾಹುತವಾದ ಕೂಡಲೇ ಕಂಪನಿಗೆ ತಿಳಿಸಿ, ಕುಸಿದ ಭಾಗವನ್ನು ತೆರವುಗೊಳಿಸುವ ಮೊದಲು ಫೋಟೋ ತೆಗೆಯಬೇಕು. ಟರ್ಪಾಲು ಹೊದೆಸಿ ಉಳಿದುದನ್ನು ರಕ್ಷಿಸುವುದು ಮನೆಯವರ ಕರ್ತವ್ಯವೇ ಆಗಿದೆ. ಮುರಿದ ಮರದ ತುಂಡುಗಳನ್ನು ಮಾತ್ರ ಸರ್ವೇಯರ್ ನೋಡುವ ತನಕ ಎಸೆಯಬಾರದು. ಅವು ಗಟ್ಟಿಯಿದ್ದವೆಂಬುದಕ್ಕೆ ಅವೇ ಸಾಕ್ಷಿ. ಗ್ರಾಮ ಕಚೇರಿಯ ಅಥವಾ ಅಗ್ನಿಶಾಮಕ ದಳದ ವರದಿಯನ್ನೂ ಪಡೆದಿಡಬೇಕು.

ನಿರಾಕರಣೆಯ ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯಬೇಕು. ಮೊದಲು ಕಂಪನಿಗೆ ದೂರು ಕೊಟ್ಟು, ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಕೊಚ್ಚಿಯಲ್ಲಿರುವ ವಿಮಾ ಓಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ. ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದಾದರೆ ಎರಡು ವರ್ಷಗಳ ಅವಧಿಯಿದೆ. ಎಲ್ಲಿಗೆ ಹೋದರೂ ಮೊದಲು ತೆರೆಯಬೇಕಾದುದು ಮಳೆಗೆ ಮುನ್ನ ಸಿದ್ಧಪಡಿಸಿದ ಆ ಕಡತವನ್ನೇ.