ಹೂಬಳೆಯ ನಡುವೆ ಮಾತೆ ಮರಿಯ: ಎರಡು ಕುಂಚಗಳು ಕಟ್ಟಿದ ಚಿತ್ರಪ್ರಕಾರ

ಹೂಮಾಲೆಯ ನಡುವೆ ಮನುಷ್ಯಾಕೃತಿಯನ್ನು ಕೂರಿಸಿ ಬರೆಯುವ ತೈಲಚಿತ್ರ ಪ್ರಕಾರ 17ನೇ ಶತಮಾನದ ಮೊದಲ ದಶಕದಲ್ಲಿ ಹುಟ್ಟಿತು. ಇಂದಿನ ಬೆಲ್ಜಿಯಂನ ಆಂಟ್ವರ್ಪ್ ನಗರ ಅದರ ತವರು. ಇಟಲಿಯ ಮಿಲಾನ್ ಅದಕ್ಕೆ ಮೊದಲು ಆಶ್ರಯ ಕೊಟ್ಟ ಊರು. ದೇವರ ಮೂರ್ತಿಯ ಹಿಂದೆ ಪ್ರಭಾವಳಿ ಇರುವಂತೆ ಈ ಚಿತ್ರಗಳಲ್ಲಿ ಮಾತೆ ಮರಿಯ ಮತ್ತು ಬಾಲಯೇಸುವಿನ ಸುತ್ತ ಗುಲಾಬಿ, ಟ್ಯೂಲಿಪ್, ಲಿಲ್ಲಿ, ಐರಿಸ್‌ಗಳ ದಟ್ಟ ಬಳೆ ಇರುತ್ತದೆ. ಹೂಗಳನ್ನು ಒಬ್ಬ ಕಲಾವಿದ ಬರೆದರೆ ಆಕೃತಿಯನ್ನು ಬರೆಯುವವನು ಮತ್ತೊಬ್ಬ. ಇಬ್ಬರು ಒಂದೇ ಚಿತ್ರದ ಮೇಲೆ ಸರದಿಯಲ್ಲಿ ದುಡಿಯಲು ಸಾಧ್ಯವಾದದ್ದು ಪದರ ಪದರವಾಗಿ ಬೆಳೆಯುವ ತೈಲವರ್ಣದ ಪದ್ಧತಿಯಿಂದ.

ಒಡೆದ ಮೂರ್ತಿಗಳು, ಹೊಸ ತೋಟಗಳು

ಈ ಚಿತ್ರಗಳ ಹಿನ್ನೆಲೆಯಲ್ಲಿ ಒಂದು ಗಾಯದ ನೆನಪಿದೆ. 1566ರಲ್ಲಿ ನೆದರ್ಲೆಂಡ್ಸ್ ಪ್ರಾಂತಗಳ ಪ್ರಾಟೆಸ್ಟಂಟರು ಚರ್ಚುಗಳಿಗೆ ನುಗ್ಗಿ ಮೂರ್ತಿ, ಚಿತ್ರಗಳನ್ನು ಒಡೆದು ಹಾಕಿದರು. ಆಂಟ್ವರ್ಪ್ ಕೂಡ ಆ ದಾಳಿಗೆ ತುತ್ತಾಯಿತು. ಪವಿತ್ರ ಚಿತ್ರಗಳಿಗೆ ಗೌರವ ಸಲ್ಲಬೇಕೆಂದು ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಸಭೆ ಅದಕ್ಕೆ ಮೂರು ವರ್ಷ ಮೊದಲೇ, 1563ರಲ್ಲಿ, ಸಾರಿತ್ತು. 1585ರಲ್ಲಿ ಆಂಟ್ವರ್ಪ್ ಸ್ಪೇನಿನ ಕೈಗೆ ಮರಳಿದ ಮೇಲೆ ಚರ್ಚು, ಮಠ, ಮನೆಗಳಿಗೆ ಮತ್ತೆ ಚಿತ್ರಗಳು ಬೇಕಾದವು. ಒಮ್ಮೆ ಅವಮಾನಕ್ಕೊಳಗಾದ ಮರಿಯಳ ಚಿತ್ರಕ್ಕೆ ಮಾಲೆ ತೊಡಿಸುವುದು ಆ ಹೊತ್ತಿನ ಭಕ್ತರಿಗೆ ಬರಿಯ ಅಲಂಕಾರವಾಗಿರಲಿಲ್ಲ, ಅದು ಗೌರವವನ್ನು ಮರಳಿ ಸಲ್ಲಿಸುವ ಬಗೆಯೂ ಆಗಿತ್ತು.

ಅದೇ ಕಾಲಕ್ಕೆ ಯುರೋಪಿನ ತೋಟಗಳಿಗೆ ದೂರದ ಹೂಗಳು ಬರತೊಡಗಿದವು. ಒಟ್ಟೊಮನ್ ತುರ್ಕರ ನಾಡಿನಿಂದ ಟ್ಯೂಲಿಪ್, ಮೆಕ್ಸಿಕೊದಿಂದ ಚೆಂಡುಹೂ ಬಂದವು. ಸಸ್ಯಶಾಸ್ತ್ರಜ್ಞ ಕ್ಲೂಸಿಯಸ್ 1594ರಲ್ಲಿ ಲೈಡನ್ ವಿಶ್ವವಿದ್ಯಾಲಯದ ತೋಟವನ್ನು ರೂಪಿಸಿ ಟ್ಯೂಲಿಪ್ ಬೆಳೆಸಿದ. ಒಂದೊಂದು ಗಡ್ಡೆಗೂ ಬೆಲೆ ಬಂತು. ಅಪರೂಪದ ಹೂಗಳು ಆಸ್ತಿಯ ಸಾಲಿಗೆ ಸೇರಿದ ಮೇಲೆ ಅವನ್ನು ನಿಷ್ಠೆಯಿಂದ ಬರೆಯಬಲ್ಲ ಕುಂಚಕ್ಕೂ ಕೆಲಸ ಸಿಕ್ಕಿತು.

ಕಾರ್ಡಿನಲ್ ಮತ್ತು ಕಲಾವಿದ

ಆ ಕುಂಚ ಯಾನ್ ಬ್ರೂಗೆಲ್‌ನದು. 1568ರಲ್ಲಿ ಬ್ರಸೆಲ್ಸ್‌ನಲ್ಲಿ ಹುಟ್ಟಿದ ಅವನು ಹೆಸರಾಂತ ಕಲಾವಿದ ಪೀಟರ್ ಬ್ರೂಗೆಲ್‌ನ ಕಿರಿಯ ಮಗ. ಹುಟ್ಟಿದ ಮರುವರ್ಷವೇ ತಂದೆ ತೀರಿಕೊಂಡ. ಹುಡುಗನಿಗೆ ಮೊದಲು ಬಣ್ಣ ಹಿಡಿಯಲು ಕಲಿಸಿದವಳು ತಾಯಿಯ ತಾಯಿ ಮೇಕನ್ ವೆರ್‌ಹುಲ್ಸ್ಟ್. ಅವಳು ಕಿರುಚಿತ್ರಗಳಲ್ಲಿ ನುರಿತ ಕಲಾವಿದೆ. ಅಜ್ಜಿಯ ಆ ಸೂಕ್ಷ್ಮಗಾರಿಕೆ ಮೊಮ್ಮಗನ ಕೈಯಲ್ಲಿ ಕೊನೆವರೆಗೂ ಉಳಿಯಿತು.

1590ರ ದಶಕದಲ್ಲಿ ರೋಮ್‌ಗೆ ಹೋದ ಬ್ರೂಗೆಲ್‌ಗೆ ಕಾರ್ಡಿನಲ್ ಫೆಡೆರಿಕೊ ಬೊರ್ರೊಮೆಯೊನ ಪರಿಚಯವಾಯಿತು. 1595ರಲ್ಲಿ ಬೊರ್ರೊಮೆಯೊ ಮಿಲಾನ್‌ನ ಆರ್ಚ್‌ಬಿಷಪ್ ಆದಾಗ ಕಲಾವಿದನೂ ಅಲ್ಲಿಗೆ ಹೋಗಿ ಅವನ ಆಶ್ರಯದಲ್ಲಿದ್ದು, ಮರುವರ್ಷ ಆಂಟ್ವರ್ಪ್‌ಗೆ ಮರಳಿದ. ಮುಂದೆ ಸುಮಾರು ಮೂರು ದಶಕ ಇಬ್ಬರ ನಡುವೆ ಪತ್ರಗಳು ಓಡಾಡಿದವು. ಸೃಷ್ಟಿಯ ಚೆಲುವಿನಲ್ಲಿ ಸೃಷ್ಟಿಕರ್ತನನ್ನು ಕಾಣಬಹುದೆಂಬುದು ಬೊರ್ರೊಮೆಯೊನ ನಂಬಿಕೆ. ಚಳಿಗಾಲದಲ್ಲಿ ನೆಲವೆಲ್ಲ ಹಿಮಗಟ್ಟಿದಾಗ ಚಿತ್ರದ ಹೂಗಳನ್ನು ನೋಡಿ ಸಂತೋಷಪಡುತ್ತಿದ್ದುದಾಗಿ ಅವನು ಬರೆದುಕೊಂಡಿದ್ದಾನೆ.

1606ರಲ್ಲಿ ಬ್ರೂಗೆಲ್ ಅವನಿಗಾಗಿ ಹೂದಾನಿಯೊಂದರ ಚಿತ್ರ ಬರೆದ. ನೂರಕ್ಕೂ ಹೆಚ್ಚು ಹೂಗಳು, ಎಲ್ಲವೂ ನಿಜದ ಹೂಗಳನ್ನು ಎದುರಿಗಿಟ್ಟುಕೊಂಡೇ ಬರೆದವು. ಆಂಟ್ವರ್ಪ್‌ನಲ್ಲಿ ಸಿಗದ ಕೆಲವನ್ನು ನೋಡಿ ಬರೆಯಲು ಬ್ರಸೆಲ್ಸ್‌ವರೆಗೂ ಹೋಗಿದ್ದನ್ನು ಅವನು ಪತ್ರದಲ್ಲಿ ತಿಳಿಸಿದ. ದಾನಿಯ ಬುಡದಲ್ಲಿ ಒಂದು ಒಡವೆ, ನಾಣ್ಯ, ಚಿಪ್ಪುಗಳಿವೆ. ಚಿತ್ರಕ್ಕೆ ಆ ಒಡವೆಯಷ್ಟೇ ಬೆಲೆ ಕೊಟ್ಟೆನೆಂದು ಬೊರ್ರೊಮೆಯೊ ಮುಂದೆ ತನ್ನ ಸಂಗ್ರಹದ ವಿವರದಲ್ಲಿ ದಾಖಲಿಸಿದ.

ಎರಡು ವರ್ಷದೊಳಗೆ ಮೊದಲ ಹೂಬಳೆ ಸಿದ್ಧವಾಯಿತು. ತಾಮ್ರದ ತಗಡಿನ ಮೇಲೆ ಬರೆದ ಆ ಪುಟ್ಟ ಚಿತ್ರದಲ್ಲಿ ಹೂಗಳು ಬ್ರೂಗೆಲ್‌ನವು, ನಡುವಿನ ಮರಿಯ ಮತ್ತು ಶಿಶು ಕಲಾವಿದ ಹೆಂಡ್ರಿಕ್ ವಾನ್ ಬಾಲೆನ್‌ನವು. ಕೈಯಲ್ಲಿ ಹಿಡಿದು ಪ್ರಾರ್ಥಿಸಬಹುದಾದಷ್ಟು ಚಿಕ್ಕದಾದ ಈ ಚಿತ್ರ ಮುಂದಿನ ನೂರಾರು ಚಿತ್ರಗಳಿಗೆ ಮಾದರಿಯಾಯಿತು.

ಪದರ ಪದರದ ಪದ್ಧತಿ

ದೊಡ್ಡ ಚಿತ್ರಗಳಿಗೆ ಓಕ್ ಮರದ ಹಲಗೆ ಬೇಕಿತ್ತು. ಹಲಗೆಗೆ ಸೀಮೆಸುಣ್ಣ ಮತ್ತು ಸರೇಸು ಬೆರೆಸಿದ ಬಿಳಿ ಲೇಪ ಬಳಿದು, ಒಣಗಿದ ಮೇಲೆ ಉಜ್ಜಿ ನಯ ಮಾಡುತ್ತಿದ್ದರು. ಮೇಲೆ ತೆಳುವಾದ ಕಂದು ಇಲ್ಲವೇ ಬೂದು ಛಾಯೆ ಹರಡಿ, ರೇಖೆಗಳನ್ನು ಗುರುತಿಸಿ, ಮಂಕು ಬಣ್ಣಗಳಲ್ಲಿ ಬೆಳಕು ನೆರಳಿನ ಮೊದಲ ಹಂತ ಮುಗಿಸುತ್ತಿದ್ದರು. ಜೊತೆಗಾರನ ಕೆಲಸಕ್ಕೆ ಬೇಕಾದ ಜಾಗವನ್ನು ಈ ಹಂತದಲ್ಲಿ ಖಾಲಿ ಬಿಡಲಾಗುತ್ತಿತ್ತು. ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಹಾಗಾಗಿ ಕೆಳಪದರದಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂತೆ ಹೆಚ್ಚು ಎಂಬ ನಿಯಮ. ಇದು ತಪ್ಪಿದರೆ ಮೇಲಿನ ಬಣ್ಣ ಬಿರಿಯುತ್ತದೆ. ಬಿಳಿ ಮತ್ತು ನೀಲಿಗೆ ಬೇಗ ಹಳದಿಗಟ್ಟದ ಅಕ್ರೋಟ್ ಎಣ್ಣೆ ಒಗ್ಗುತ್ತಿತ್ತು.

ಒಂದು ಕೆಂಗುಲಾಬಿಯನ್ನೇ ನೋಡಿದರೆ ಈ ಕ್ರಮ ಮನದಟ್ಟಾಗುತ್ತದೆ. ಮೊದಲು ಇಡೀ ಹೂವಿಗೆ ಒಂದೇ ನಡುಬಣ್ಣದ ದುಂಡು ಆಕಾರ. ಅದು ಒಣಗಿದ ಬಳಿಕ ಸೀಸದ ಬಿಳಿ ಮತ್ತು ಇಂಗಳೀಕ ಬೆರೆಸಿ ಎಸಳುಗಳ ಉಬ್ಬು, ಮಡಿಕೆ, ಅಂಚುಗಳನ್ನು ಬಿಡಿಸುವುದು. ಇಷ್ಟಾದರೂ ಹೂ ಇನ್ನೂ ಪೇಲವವಾಗಿಯೇ ಇರುತ್ತದೆ. ಕೊನೆಗೆ ಮಂಜಿಷ್ಠದ ಜಾತಿಯ ಬೇರಿನಿಂದಲೋ ಕೊಚಿನೀಲ್ ಹುಳದಿಂದಲೋ ತೆಗೆದ ಪಾರದರ್ಶಕ ಕೆಂಪನ್ನು ಎಣ್ಣೆಯಲ್ಲಿ ಕಲಸಿ ತೆಳ್ಳಗೆ ಸವರುತ್ತಾರೆ. ಬೆಳಕು ಆ ಕೆಂಪನ್ನು ಹಾದು, ಅಡಿಯ ಬಿಳುಪಿಗೆ ತಾಗಿ ಹಿಂದಿರುಗುವಾಗ ಎಸಳು ಒಳಗಿನಿಂದಲೇ ಹೊಳೆದಂತೆ ಕಾಣುತ್ತದೆ.

ಬೆಲೆಬಾಳುವ ನೀಲಿ ಅಫ್ಘಾನಿಸ್ತಾನದ ಲ್ಯಾಪಿಸ್ ಲಜುಲಿ ಕಲ್ಲಿನದು. ಅದನ್ನು ಮರಿಯಳ ಉಡುಪಿಗೆ ಮೀಸಲಿಡುವ ರೂಢಿ ಹಳೆಯದು. ಎಲೆಗಳ ಹಸಿರಿಗೆ ಅಜುರೈಟ್ ಎಂಬ ನೀಲಿಯ ಜೊತೆ ಹಳದಿ ಬೆರೆಸುತ್ತಿದ್ದರು. ಗಿಡಮೂಲದ ಹಳದಿ ಬಳಸಿದ ಕಡೆ ಅದು ಬೆಳಕಿಗೆ ಮಾಸಿ, ಆ ಕಾಲದ ಹೂಚಿತ್ರಗಳ ಎಷ್ಟೋ ಎಲೆಗಳು ಈಗ ನೀಲಿಯಾಗಿ ಕಾಣುತ್ತವೆ.

ತೈಲವರ್ಣ ಒಣಗುವ ನಿಧಾನವೇ ಬ್ರೂಗೆಲ್‌ಗೆ ಅನುಕೂಲವಾಯಿತು. ಟ್ಯೂಲಿಪ್ ವಸಂತದಲ್ಲಿ ಅರಳುತ್ತದೆ, ಗುಲಾಬಿ ಬೇಸಿಗೆಯಲ್ಲಿ. ಒಂದು ಹೂ ಬರೆದು, ಅದು ಒಣಗುವ ಹೊತ್ತಿಗೆ ತೋಟದಲ್ಲಿ ಮುಂದಿನದಕ್ಕೆ ಕಾಯಬಹುದಿತ್ತು. ನಿಸರ್ಗದಲ್ಲಿ ಎಂದೂ ಒಟ್ಟಿಗೆ ಅರಳದ ಹೂಗಳು ಚಿತ್ರದಲ್ಲಿ ಒಂದೇ ಮಾಲೆಯಾದದ್ದು ಹೀಗೆ.

ರೂಬೆನ್ಸ್ ಜೊತೆಗಾರನಾದಾಗ

1608ರ ಕೊನೆಗೆ ಇಟಲಿಯಿಂದ ಆಂಟ್ವರ್ಪ್‌ಗೆ ಮರಳಿದ ಪೀಟರ್ ಪೌಲ್ ರೂಬೆನ್ಸ್ ಬ್ರೂಗೆಲ್‌ನ ಆಪ್ತ ಗೆಳೆಯ. ಬೊರ್ರೊಮೆಯೊಗೆ ಬರೆಯಬೇಕಾದ ಇಟಾಲಿಯನ್ ಪತ್ರಗಳನ್ನು ಬ್ರೂಗೆಲ್‌ನ ಪರವಾಗಿ ಅವನೇ ಬರೆದುಕೊಡುತ್ತಿದ್ದ. ಇವರಿಬ್ಬರ ಸಹಯೋಗದಲ್ಲಿ ಈ ಪ್ರಕಾರ ಎತ್ತರಕ್ಕೇರಿತು. ಮ್ಯೂನಿಕ್‌ನ ಆಲ್ಟೆ ಪಿನಾಕೊಥೆಕ್‌ನಲ್ಲಿರುವ, 1616-18ರ ಸುಮಾರಿನ ಹಲಗೆಚಿತ್ರ ಸುಮಾರು 185 ಸೆಂ.ಮೀ. ಎತ್ತರ, 210 ಸೆಂ.ಮೀ. ಅಗಲವಿದೆ. ಹೂಬಳೆಯನ್ನು 11 ಬಾಲದೇವತೆಗಳು ಸುತ್ತಲೂ ನಿಂತು ಎತ್ತಿ ಹಿಡಿದಿವೆ.

ಇಲ್ಲಿ ಎರಡು ಕೈಬರಹಗಳು ನಿಚ್ಚಳವಾಗಿ ಕಾಣುತ್ತವೆ. ರೂಬೆನ್ಸ್‌ನ ಕುಂಚ ಅಗಲ, ವೇಗದ್ದು. ಕಂದು ತಳದ ಮೇಲೆ ತಿಳಿಬಣ್ಣವನ್ನು ತೆಳುವಾಗಿ ಎಳೆದು ಚರ್ಮದ ತಂಪು ನೆರಳನ್ನು, ಬೆರಳು, ಕಿವಿಗಳ ಅಂಚಿಗೆ ಕೆಂಪು ಸೋಕಿಸಿ ಮೈಯ ಬಿಸುಪನ್ನು ತರುತ್ತಾನೆ. ಬ್ರೂಗೆಲ್‌ನದು ಎಸಳಿನ ಒಂದೊಂದು ಗೆರೆಯನ್ನೂ ಎಣಿಸಿ ಬರೆಯುವ ಸಣ್ಣ ಕುಂಚ. ಮಕ್ಕಳ ಮೃದುವಾದ ಕೈಗಳು ಹೂಗಳನ್ನು ಹಿಡಿದ ಕಡೆ ಈ ಎರಡೂ ಒಂದಕ್ಕೊಂದು ಹೊಂದಿಕೊಳ್ಳುವ ರೀತಿ ಮನಸೂರೆಗೊಳ್ಳುತ್ತದೆ.

1621ರಲ್ಲಿ ಇಬ್ಬರೂ ಬೊರ್ರೊಮೆಯೊಗಾಗಿ ಇನ್ನೊಂದು ಹೂಬಳೆ ಬರೆದರು. ತನ್ನ ಜೀವಮಾನದ ಅತ್ಯುತ್ತಮ ಕೆಲಸವೆಂದು ಬ್ರೂಗೆಲ್ ಅದನ್ನು ಹೇಳಿಕೊಂಡ. 1796ರಲ್ಲಿ ನೆಪೋಲಿಯನ್‌ನ ಸೇನೆ ಮಿಲಾನ್‌ನಿಂದ ಒಯ್ದ ಆ ಚಿತ್ರ ಇಂದು ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. 1625ರ ಜನವರಿಯಲ್ಲಿ ಬ್ರೂಗೆಲ್ ಕಾಲರಾಕ್ಕೆ ಬಲಿಯಾದ. ಅವನ ಮೂವರು ಮಕ್ಕಳೂ ಅದೇ ಬೇನೆಗೆ ತುತ್ತಾದರು. ಉಳಿದ ಮಕ್ಕಳ ಹೊಣೆ ಹೊತ್ತವರಲ್ಲಿ ರೂಬೆನ್ಸ್ ಒಬ್ಬ.

ಮುಂದಿನ ಪೀಳಿಗೆ

ಬ್ರೂಗೆಲ್‌ನ ಶಿಷ್ಯ ಡ್ಯಾನಿಯೆಲ್ ಸೇಗರ್ಸ್ 1614ರಲ್ಲಿ ಕ್ಯಾಥೊಲಿಕ್ಕರ ಜೆಸ್ವಿಟ್ ಸಂಘ ಸೇರಿದ. ಹೂಬಳೆಯ ಬದಲು ಕಲ್ಲಿನ ಕೆತ್ತನೆಯ ಚೌಕಟ್ಟಿಗೆ ಅಲ್ಲಲ್ಲಿ ಹೂಗೊಂಚಲು ಕಟ್ಟಿದಂತೆ ಬರೆಯುವುದು ಅವನ ಕ್ರಮ. ನಡುವಿನ ಆಕೃತಿಯನ್ನು ಎರಾಸ್ಮಸ್ ಕ್ವೆಲಿನಸ್, ಕಾರ್ನೆಲಿಸ್ ಸ್ಖುಟ್ ಮೊದಲಾದವರು ಬರೆಯುತ್ತಿದ್ದರು. ಈ ಚಿತ್ರಗಳನ್ನು ಸಂಘ ಅರಸರಿಗೆ ಕಾಣಿಕೆಯಾಗಿ ಕಳಿಸುತ್ತಿತ್ತು. ಪ್ರಾಟೆಸ್ಟಂಟ್ ಅರಸು ಆರೆಂಜ್‌ನ ಫ್ರೆಡ್ರಿಕ್ ಹೆನ್ರಿ ಕೂಡ ಮನಸೋತು ಸೇಗರ್ಸ್‌ಗೆ ಚಿನ್ನದ ವರ್ಣಫಲಕ ಕಳಿಸಿದ. ಮುರಿದ ಮೂರ್ತಿಗಳ ಜಗಳದಿಂದ ಬೆಳೆದ ಪ್ರಕಾರವೊಂದು ಎರಡೂ ಪಂಥಗಳವರಿಗೆ ಪ್ರಿಯವಾದದ್ದು ಹೂಗಳ ದೊಡ್ಡ ಗೆಲುವು.

ಬರಬರುತ್ತ ಮಾಲೆಯ ನಡುವೆ ಅರಸುಮಕ್ಕಳ ಭಾವಚಿತ್ರಗಳೂ ಕುಳಿತವು. ಸ್ಪೇನಿನಲ್ಲಿ ಹ್ವಾನ್ ದೆ ಅರೆಯಾನೊ, ರೋಮ್‌ನಲ್ಲಿ ಮಾರಿಯೊ ನುತ್ಸಿ ಇದನ್ನು ತಮ್ಮದಾಗಿಸಿಕೊಂಡರು. ಬ್ರೂಗೆಲ್ ವಾನ್ ಬಾಲೆನ್‌ನೊಡನೆ ಬರೆದ ಮೊದಲ ಪುಟ್ಟ ಹೂಬಳೆ ಈಗಲೂ ಮಿಲಾನ್‌ನಲ್ಲಿ, ಬೊರ್ರೊಮೆಯೊ 1618ರಲ್ಲಿ ಕಟ್ಟಿದ ಆಂಬ್ರೋಸಿಯಾನ ಚಿತ್ರಶಾಲೆಯಲ್ಲೇ ಇದೆ.